ಈರಮ್ಮತ್ತಿಯ ಕೂಗು

ಮೊದಲೇ ಹೇಳಿಬಿಡುತ್ತೇನೆ: ಆ ಪಕ್ಷಿಧಾಮದೊಳಗೆ ಕೂಗಿದ್ದು ನಾನು. ಬಾಗಿಲಲ್ಲಿ 'ಸದ್ದು ಮಾಡಬೇಡಿ' ಎಂದು ದೊಡ್ಡದಾಗಿ ಬರೆದಿತ್ತು. ನಾನು ಓದಿದ್ದೆ ಕೂಡ. ಓದಿದ್ದಷ್ಟೇ ಅಲ್ಲ, ವಾರ್ತೆ ಓದುವವರ ದನಿಯಲ್ಲಿ ಓದಿ ನಮ್ಮವರನ್ನೆಲ್ಲ ನಗಿಸಿದ್ದೆ. ಆದರೂ ಕೂಗಿದೆ. ತೊಂದರೆಯೆಂದರೆ, ಆಗ ಎಲ್ಲರೂ ತಿರುಗಿ ನೋಡಿದ್ದು ನನ್ನ ಕಡೆಗಲ್ಲ, ಈರಮ್ಮತ್ತಿಯ ಕಡೆಗೆ.

ಈರಮ್ಮತ್ತಿ ನಮ್ಮಪ್ಪನ ಅಕ್ಕ. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಭತ್ತ ಹಾಲುಗಟ್ಟುವ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಿಂತು ಹಕ್ಕಿ ಕಾಯುವುದು ಆಕೆಯ ಕೆಲಸ. ಆಳು ಕೊಡಪಾನದಷ್ಟೇ ಎತ್ತರ ಎಂದು ನಾನು ಕಾಡಿಸುತ್ತಿದ್ದೆ. ಗಂಟಲು ಮಾತ್ರ ಊರಗಲ. ಡಬ್ಬಿ ಬಡಿದು ಹಕ್ಕಿ ಓಡಿಸುವವರನ್ನು ಕಂಡರೆ ಆಕೆಗೆ ತಾತ್ಸಾರ. "ಗಂಟಲ ಇಲ್ಲದವ್ರು ಡಬ್ಬಿ ಬಡೀತಾರ ಬಿಡು," ಅನ್ನುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗದ್ದ ಮೇಲೆತ್ತಿ, "ಹೋಯ್ ಹೋ ಹೋ... ಪೋವೇ!" ಎಂದರೆ ಕಾಲುವೆಯಾಚೆಯ ಗಿಳಿಗಳೂ ಏಳುತ್ತಿದ್ದವು. ಕೊನೆಯ 'ಹೋಗೇ' ಮಾತ್ರ ತೆಲುಗಿನಲ್ಲಿ ಯಾಕೆ ಎಂದು ಒಮ್ಮೆ ಕೇಳಿದೆ.

"ಅರ್ಧ ಹಕ್ಕಿ ಆಂಧ್ರದಾಗಿಂದ ಬರತಾವಲೇ. ಅವಕ್ಕ ಕನ್ನಡ ಎಲ್ಲಿಂದ ತಿಳೀಬೇಕು?"

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಕೈಗಿಂತ ಬಾಯಿ ಹೆಚ್ಚು ಓಡುತ್ತದೆ. ಗಿರಾಕಿ ಅಂಗಡಿಯ ಮೆಟ್ಟಿಲಿಳಿಯುವುದರೊಳಗೆ ಅವನ ದನಿ ಕದ್ದಿರುತ್ತೇನೆ. ನನ್ನ ಸ್ವಂತ ದನಿ ಬೇಕೆಂದರೆ ಸ್ವಲ್ಪ ಹುಡುಕಬೇಕಾಗುತ್ತದೆ. ಕುರುಗೋಡಿನ ನೆಂಟರ ಮನೆಯ ಗೃಹಪ್ರವೇಶದಲ್ಲಿ, ಕಟ್ಟೆಯ ಮೇಲೆ ಇಸ್ಪೀಟಾಡುತ್ತ ಕೂತಿದ್ದ ಮಾವನನ್ನು, ಅಂದರೆ ಅತ್ತಿಯ ಗಂಡನನ್ನು, ಗೋಡೆಯ ಹಿಂದಿನಿಂದ ಆಕೆಯ ದನಿಯಲ್ಲಿ ಕರೆದೆ. ಮಾವ ಎಲೆ ಚೆಲ್ಲಿ, ಚಪ್ಪಲಿ ಬಿಟ್ಟು ಓಡಿದ. ಅತ್ತಿ ನನ್ನ ಕಿವಿ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ.

"ಕೊನಿಗೆ ಉಸುರು ಇಳಸ್ತಿಯಲ್ಲೋ. ನಂದು ಕೊನಿಗೆ ಏರತೈತಿ. ಮಾಡಿದ್ರ ಪೂರಾ ಮಾಡು, ಇಲ್ಲಂದ್ರ ನನ್ನ ಮಾನ ಕಳೀಬ್ಯಾಡ."

ಅಲ್ಲೇ ನಿಲ್ಲಿಸಿ, ಗದ್ದೆಯ ಕೂಗನ್ನೇ ಸರಿಯಾಗಿ ಬರುವ ತನಕ ಕೂಗಿಸಿದಳು. ಕುರುಗೋಡಿನ ಕಾಗೆಗಳು ಅಂದು ಊಟಕ್ಕೆ ಬರಲಿಲ್ಲ.

ಆಕೆ ಈಗಿಲ್ಲ. ಈ ಬೆಳೆಗೆ ಗದ್ದೆಯ ಸುತ್ತ ಗಾಳಿಗೆ ಪಟಪಟಿಸುವ ಹೊಳೆಯುವ ಪಟ್ಟಿ ಕಟ್ಟಿದ್ದಾರೆ. ಹಚ್ಚೊಳ್ಳಿಗೆ ಹೋದಾಗ ನಾನು ಯಾರ ದನಿಯನ್ನೂ ಮಾಡುವುದಿಲ್ಲ. ಅಪ್ಪಿತಪ್ಪಿ ಆ ಕೂಗು ಬಾಯಿಗೆ ಬಂದರೆ ಮಾವ ಚಪ್ಪಲಿ ಬಿಟ್ಟು ಓಡಿ ಬಂದಾನು ಎಂಬ ಭಯ.

ಪಕ್ಷಿಧಾಮಕ್ಕೆ ಹೋದ ಆ ಪ್ರವಾಸವೇ ಆಕೆಯ ಕೊನೆಯ ಪ್ರವಾಸ. ಬಂಧು ಬಳಗವೆಲ್ಲ ಟೆಂಪೋ ಮಾಡಿಕೊಂಡು ದಕ್ಷಿಣದ ದೇವರುಗಳನ್ನು ನೋಡಿ ಮರಳುವಾಗ ದಾರಿಯಲ್ಲಿ ಆ ಪಕ್ಷಿಧಾಮ ಸಿಕ್ಕಿತು. ಕೆರೆಯಷ್ಟು ಜಾಗದ ಮೇಲೆ ಎತ್ತರಕ್ಕೆ ಬಲೆ ಹೊದಿಸಿದ್ದಾರೆ. ಒಳಗೇ ಮರ, ನೀರು, ನಾವು ನಡೆಯುವ ದಾರಿ. ಒಂದು ಬಾಗಿಲು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುತ್ತದೆ. "ಪಂಜರದಾಗ ಅವೂ ಅದಾವ, ನಾವೂ ಅದೀವಿ," ಎಂದು ಅತ್ತಿ ನಕ್ಕಳು. ಹಾಕಿಟ್ಟ ಭತ್ತಕ್ಕೆ ಗಿಳಿಗಳು ಮುತ್ತಿದ್ದನ್ನು ಕಂಡದ್ದೇ ಆಕೆಯ ಕೈ ತಾನಾಗಿ ಸೆರಗಿಗೆ ಹೋಯಿತು.

"ಕೂಗು ಅತ್ತೀ, ಒಮ್ಮೆ," ಎಂದೆ.

"ಬ್ಯಾಡಲೇ ಅಳಿಯ. ಇದು ಅವುಗಳ ಮನಿ. ತಿನ್ನಲಿ."

ನಾನು ಕೂಗಿದೆ. ಅತ್ತಿಯದೇ ದನಿಯಲ್ಲಿ, ಕೊನೆಗೆ ಉಸಿರು ಏರಿಸಿಯೇ ಕೂಗಿದೆ.

ಬಲೆಯ ಕೆಳಗೆಲ್ಲ ರೆಕ್ಕೆ. ದಾರಿ ಪಕ್ಕದ ಗಿಡ್ಡ ಮರದಿಂದ ಬಣ್ಣದ ಕೊಕ್ಕರೆಯೊಂದು ಎದ್ದು ನೀರಿನಾಚೆ ಹೋಗಿ ಕೂತಿತು. ಹಕ್ಕಿಗಳನ್ನು ನೋಡಿಕೊಳ್ಳುವಾತ ಓಡಿ ಬಂದ. ಬೈಯಲಿಲ್ಲ, ಪಿಸುಗುಟ್ಟಿದ. ಅದೇ ಹೆದರಿಕೆ ಹುಟ್ಟಿಸಿತು.

"ಯಾರೂ ಅಲ್ಲಾಡ್ಬೇಡಿ. ಗೂಡಲ್ಲಿ ಮೊಟ್ಟೆ ಇದೆ. ಇಲ್ಲಿಗೆ ತಂದ ಮೇಲೆ ಈಗ್ಲೇ ಮೊದಲ ಸಲ ಇಟ್ಟಿರೋದು. ತಾಯಿ ವಾಪಸ್ ಬರ್ಲಿಲ್ಲ ಅಂದ್ರೆ ಮುಗೀತು."

ಊಟದ ಪಂಕ್ತಿಯಲ್ಲೂ ಬಾಯಿ ಮುಚ್ಚದ ನಮ್ಮ ಬಳಗ ಕಂಬಗಳಂತೆ ನಿಂತಿತು. ಅತ್ತಿ ಮೆಲ್ಲಗೆ ಕಲ್ಲಿನ ಮೇಲೆ ಕೂತಳು. ಬಿಸಿಲು ಗೂಡಿಗೆ ನೇರ ಬೀಳುತ್ತಿತ್ತು. ಕೊಕ್ಕರೆ ಕದಲಲಿಲ್ಲ. ಅಷ್ಟರಲ್ಲಿ ಕೆಂಪು ಕಣ್ಣಿನ ಬಕವೊಂದು ಪಕ್ಕದ ಕೊಂಬೆಗೆ ಇಳಿಯಿತು. ಒಂದು ಹೆಜ್ಜೆ, ನಿಂತಿತು, ಮತ್ತೊಂದು ಹೆಜ್ಜೆ. ಅದರ ಕಣ್ಣು ಮೊಟ್ಟೆಯ ಮೇಲೆ.

ಅತ್ತಿಯ ಕತ್ತಿನ ನರ ಉಬ್ಬಿತು. ಒಂದು ಕೂಗು ಸಾಕಿತ್ತು, ಬಕ ಹಾರಿಹೋಗುತ್ತಿತ್ತು. ಆದರೆ ತಾಯಿಯೂ ಮತ್ತೆ ಬರುತ್ತಿರಲಿಲ್ಲ. ಆಕೆ ಸೆರಗನ್ನು ಬಾಯಿಗೆ ತುರುಕಿ ಕಚ್ಚಿದಳು. ಜೀವಮಾನವೆಲ್ಲ ಹಕ್ಕಿ ಹೋಗಲಿ ಎಂದು ನಿಂತವಳು ಅಂದು ಬರಲಿ ಎಂದು ಕೂತಿದ್ದಳು, ಕಣ್ಣಲ್ಲಿ ನೀರು. ನಾನು ಆ ಮುಖವನ್ನು ಇವತ್ತಿಗೂ ಅಣಕಿಸಲಾರೆ.

ಬಕ ಗೂಡಿನ ಅಂಚಿಗೆ ಕಾಲಿಟ್ಟಿತು. ಆಗ ನೀರಿನ ಮೇಲಿಂದ ದೊಡ್ಡ ನೆರಳೊಂದು ಬಂತು. ಕೊಕ್ಕರೆ ಕೊಕ್ಕು ಚಾಚಿ ಇಳಿಯಿತು, ಬಕ ಬಿದ್ದೆನೋ ಎದ್ದೆನೋ ಎಂದು ಹಾರಿತು. ತಾಯಿ ಮೊಟ್ಟೆಗಳನ್ನು ಕೊಕ್ಕಿನಿಂದ ಸವರಿ, ರೆಕ್ಕೆ ಹರಡಿ ಕೂತಿತು.

ಹಕ್ಕಿ ನೋಡಿಕೊಳ್ಳುವಾತ ಅಷ್ಟು ಹೊತ್ತು ತಡೆದಿದ್ದ ಸಿಟ್ಟು ಈಗ ಅತ್ತಿಯ ಮೇಲೆ ತಿರುಗಿತು. "ಏನಮ್ಮಾ, ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ? ನಡೀರಿ ಆಚೆ!"

"ಅಣ್ಣಾ, ಕೂಗಿದಾಂವ ನಾನ್ರಿ," ಎಂದೆ.

"ಸುಮ್ನಿರಯ್ಯ! ಹೆಂಗಸಿನ ದನಿ ಗೊತ್ತಾಗಲ್ವಾ ನಂಗೆ? ಅಜ್ಜಿನ ಬಿಡಿಸ್ಕೊಳ್ಳೋಕೆ ಸುಳ್ಳು ಬೇರೆ!"

ನಿಜವೆಂದು ತೋರಿಸಬೇಕಾದರೆ ಮತ್ತೆ ಕೂಗಬೇಕು. ಬಾಯಿ ತೆರೆದೆ, ಮುಚ್ಚಿದೆ. ಆತನ ದನಿ ಏರುತ್ತಲೇ ಇತ್ತು. ಅತ್ತಿ ಮಂಡಿಗೆ ಕೈ ಊರಿ ಎದ್ದು, ಆತನ ಮುಂದೆ ನಿಂತು, ಎಂದೂ ಇಲ್ಲದಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಬಾಯಿ ಅವಂದ್ರಿ, ಕೂಗು ನಂದು. ಹೊರಗ ಹಾಕೂದಿದ್ರ ಇಬ್ರನ್ನೂ ಹಾಕ್ರಿ. ಆದ್ರ ಹಕ್ಕಿ ಈಗರ ಬಂದು ಕುಂತೈತಿ, ನೀವ್ಯಾಕ ಒದರಾಕ ಹತ್ತೀರಿ?"