ಅಡುಗೆಮನೆಯ ಕಟ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನನಗೆ ಹದಿನೇಳು ವರ್ಷ. ಅತ್ತೆಯ ಮನೆಯಲ್ಲಿ ಎಲ್ಲರ ಮಾತೂ ಮರಾಠಿ. ಮೊದಲ ದಿನ ಊಟಕ್ಕೆ ‘ಪೋಳಿ’ ಎಂದರು. ಹೋಳಿಗೆಯೆಂದು ತಿಳಿದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡು ಕಾದೆ. ಬಂದದ್ದು ಚಪಾತಿ. ಅವತ್ತೇ ಒಂದು ವಹಿ ಹಿಡಿದೆ: ತಾರೀಖು, ಮಾತು, ಅರ್ಥ, ಅದು ಕಿವಿಗೆ ಬಿದ್ದಾಗಲೆಲ್ಲ ಒಂದು ಗೀಟು. ತಾಕ ಎಂದರೆ ಮಜ್ಜಿಗೆ, ಹನ್ನೊಂದು ಗೀಟು. ಲೋಣಿ ಬೆಣ್ಣೆ, ಲೋಣಚೆ ಉಪ್ಪಿನಕಾಯಿ. ಬೆಣ್ಣೆ ಕೇಳಿದ ಮಾವನವರಿಗೆ ಎರಡು ಸಲ ಉಪ್ಪಿನಕಾಯಿ ಬಡಿಸಿದ್ದೇನೆ. ಆಮಟಿ ಎಂದರೆ ಬೇಳೆಸಾರು. ಅದರ ಮುಂದೆ ‘ತೆಳು’ ಎಂದೂ ಬರೆದೆ. ಬಡಿಸುವಾಗ ಕನ್ನಡದಲ್ಲಿ ಗೊಣಗಿಯೂ ಇದ್ದೆ: “ಬ್ಯಾಳಿ ಎಲ್ಲಿ ಅದ ಅಂತ ಹುಡುಕಬೇಕು.” ಯಾರಿಗೂ ತಿಳಿಯದೆಂಬ ಧೈರ್ಯ.

‘ಕಟ’ ಎಂಬ ಮಾತು ಅಡುಗೆಮನೆಯಿಂದ ಬಂದದ್ದಲ್ಲ. ಮೈದುನ ದಿನಾ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಸರಕಾರದ ವಿರುದ್ಧ ಕಟ, ಆ ಕಟ, ಈ ಕಟ. ಅರ್ಥ ಕೇಳಿದ್ದಕ್ಕೆ ಬಾಗಿಲು ಮುಂದೆ ಮಾಡಿ, ತಲೆ ತಗ್ಗಿಸಿ ಪಿಸುಗುಟ್ಟಿ ತೋರಿಸಿದ. ‘ಸಂಚು’ ಎಂದು ಬರೆದುಕೊಂಡೆ.

ಪಂಚಮಿ ಹತ್ತಿರ ಬಂತು. ತವರಿಗೆ ಕರೆದೊಯ್ಯಲು ಅಣ್ಣ ಬುಧವಾರ ಬರುವವನಿದ್ದ. ಪಕ್ಕದ ಮನೆಯ ಸೊಸೆಯನ್ನು ಹಿಂದಿನ ವರ್ಷ ಹೀಗೆಯೇ ಪಂಚಮಿಗೆ ಕಳಿಸಿದವರು ಮತ್ತೆ ಕರೆಸಿರಲಿಲ್ಲ. ಮಂಗಳವಾರ ನೀರು ತುಂಬಿಕೊಂಡು ಬರುವಾಗ, ಅತ್ತೆ ಮತ್ತು ಓರಗಿತ್ತಿ ಒಲೆಯ ಬಳಿ ತಲೆಗೆ ತಲೆ ಹಚ್ಚಿ ನಿಂತಿದ್ದರು.

“ಕಟ ದಾಟ ಝಾಲಾ ಪಾಹಿಜೆ. ತಿಲಾ ಕಳೂ ದೇಊ ನಕೋಸ,” ಎಂದರು ಅತ್ತೆ.

ದಾಟ ನನ್ನ ವಹಿಯಲ್ಲಿತ್ತು: ಗಟ್ಟಿ, ನಾಲ್ಕು ಗೀಟು. ಸಂಚು ಗಟ್ಟಿಯಾಗಬೇಕು, ಅವಳಿಗೆ ತಿಳಿಯಗೊಡಬೇಡ. ಅವಳೆಂದರೆ ನಾನಲ್ಲದೆ ಇನ್ನಾರು? ಲೆಕ್ಕ ಹಾಕಿದೆ. ನಾನು ಒಳಗೆ ಬಂದೊಡನೆ ಮಾತು ನಿಂತದ್ದು ಸೋಮವಾರ ಎರಡು ಸಲ, ಮಂಗಳವಾರ ಮೂರು ಸಲ. ಒಲೆಯಿಂದ ಎಬ್ಬಿಸಿ ಹೂ ಕಟ್ಟಲು ಕೂರಿಸಿದ್ದು ಒಂದು ಸಲ. ಮತ್ತೆ ಕರೆಸುವುದಿಲ್ಲವೆಂದು ಖಾತ್ರಿಯಾಯಿತು. ಇದ್ದ ಸೀರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆ, ಹಿಂದೆ ಒಂದು ಕುಪ್ಪಸವನ್ನೂ ಉಳಿಸಲಿಲ್ಲ.

ಬುಧವಾರ ಅಣ್ಣ ಬಂದ. ಗಂಡಸರ ಪಂಕ್ತಿ ಕೂತಿತು. ಬುಟ್ಟಿಯ ತುಂಬ ಹೋಳಿಗೆ ಬಂತು, ನಿಜವಾದ ಹೋಳಿಗೆ. ಸಾರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ಅಣ್ಣ ಒಂದು ಗುಟುಕು ಹೀರಿ ತಲೆಯೆತ್ತಿದ.

“ಕಟ್ಟಿನ ಸಾರು ಭಾಳ ಛಲೋ ಆಗೇದ. ಇನ್ನೊಂದೀಟು ಹಾಕು.”

ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಬಸಿದ ನೀರಿಗೆ ನಮ್ಮಲ್ಲಿ ಕಟ್ಟು ಅನ್ನುತ್ತೇವೆ. ಕಟ್ಟು, ಕಟ. ಸೌಟು ಹಿಡಿದವಳು ಹಾಗೆಯೇ ನಿಂತೆ.

“ಹಾಕವಾ,” ಎಂದರು ಅತ್ತೆ ಬಾಗಿಲ ಹಿಂದಿನಿಂದ, ಅಚ್ಚ ಕನ್ನಡದಲ್ಲಿ. “ಇವತ್ತರ ಬ್ಯಾಳಿ ಹುಡುಕೂದು ಬ್ಯಾಡ.”

ಒಳಗೆ ಹೋದ ಮೇಲೆ ಕೇಳಿದೆ, “ನಿಮಗ ಕನ್ನಡ ಬರ್ತದೇನ್ರಿ?”

“ಸೊಲ್ಲಾಪುರದಾಗ ಹುಟ್ಟೀನಿ. ಬರಲಾರದೇನು?”

“ಮತ್ತ ಹೇಳಲೇ ಇಲ್ಲ ನೀವು.”

“ಹೇಳಿದ್ರ ನೀ ಮರಾಠಿ ಕಲೀತಿದ್ದೇನು? ನೀ ಏನೇನು ಅಂತೀದಿ ಅನ್ನೂದರ ನನಗ ಹೆಂಗ ತಿಳೀತಿತ್ತು?” ಅಷ್ಟರಲ್ಲಿ ಅವರ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಮುಚ್ಚಳ ಎತ್ತಿ ನೋಡಿದರು. “ಎಂಟು ದಿನಕ್ಕ ಇಷ್ಟ್ಯಾಕ? ಮೂರು ಸೀರಿ ಸಾಕು. ಉಳಿದದ್ದು ಗೂಟಕ್ಕ ಹಾಕು.”

ಹಾಕಿದೆ. ಕಟದ ಎದುರು ಎರಡನೆಯ ಅರ್ಥವನ್ನೂ ಬರೆದೆ. ಆಮೇಲೆ ಹೊಸ ಪುಟ ತೆಗೆದು, ನಾಲ್ಕು ತಿಂಗಳಲ್ಲಿ ಅತ್ತೆಯ ಕಿವಿಗೆ ಬೀಳುವಂತೆ ಕನ್ನಡದಲ್ಲಿ ಏನೇನು ಅಂದಿದ್ದೆನೆಂದು ಗೀಟು ಹಾಕತೊಡಗಿದೆ. ಹದಿನಾಲ್ಕಕ್ಕೆ ಬಂದಾಗ ಅಣ್ಣ, ಟಾಂಗಾ ಬಂತೆಂದು ಕೂಗಿದ.

ವಹಿಯನ್ನು ಗೂಡಿನಲ್ಲಿಟ್ಟು ಹೊರಟವಳು ಹೊಸ್ತಿಲಿನಿಂದ ತಿರುಗಿ ಬಂದು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಮಾತು ಬರುವವರಿಗೆ ಓದಲೂ ಬಂದೀತು.