ಶಿವಲಕ್ಷ್ಮಿಯ ಲೇಬಲ್ ಪ್ರಿಂಟರು

ಕಟಕಟಕಟ ಎಂದು ಒಂದೇ ಉಸಿರಿಗೆ ಹೊಡೆದು, ಒಂದು ಕ್ಷಣ ನಿಂತು, ಮತ್ತೆ ಕಟಕಟಕಟ. ಅದು ಓಬಕ್ಕನ ಮನೆಯ ಕಾಜಾ ಮೆಷಿನ್. ಒಂದೊಂದು ಕಟಕಟಕ್ಕೂ ಅಂಗಿಯಲ್ಲಿ ಒಂದೊಂದು ಗುಂಡಿಯ ತೂತು ಬೀಳುತ್ತದೆ. ಅದು ಶುರುವಾದ ಮೇಲೆ ಎದುರು ಮನೆಯಲ್ಲಿ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್, ಅದರ ಪಕ್ಕದ ಎರಡು ಹೊಲಿಗೆ ಮೆಷಿನ್, ಹೀಗೆ ರಾಯದುರ್ಗದ ಆ ಓಣಿ ತುದಿಯಿಂದ ತುದಿಗೆ ಏಳುತ್ತದೆ. ಕಣ್ಣು ಮುಚ್ಚಿಕೊಂಡಿದ್ದರೂ ಯಾರ ಮನೆಯಲ್ಲಿ ಯಾವ ಕೆಲಸ ನಡೆದಿದೆ ಎಂದು ಶಿವಲಕ್ಷ್ಮಿ ಹೇಳಬಲ್ಲಳು.

ಆ ಗುರುವಾರ ಬೆಳಗ್ಗೆ ಎಲ್ಲ ಸದ್ದೂ ಎದ್ದಿತ್ತು. ಅವಳ ಮನೆಯದು ಮಾತ್ರ ಎದ್ದಿರಲಿಲ್ಲ.

ಶಿವಲಕ್ಷ್ಮಿ ಮಡಕಶಿರಾ ಹತ್ತಿರದ ಅಗಳಿ ಕಡೆಯವಳು. ಮದುವೆಯಾಗಿ ಬಂದು ಇಪ್ಪತ್ಮೂರು ವರ್ಷವಾದರೂ ಮಾತಿನ ಕೊನೆಗೆ ‘ಕಣ’ ಸೇರಿಸುವುದನ್ನು ಬಿಟ್ಟಿಲ್ಲ. ಓಣಿಯ ಹೆಂಗಸರಿಗೆ ಅದು ಇವತ್ತಿಗೂ ತಮಾಷೆ. ಗಂಡ ಆಂಜನೇಯ ಬಳ್ಳಾರಿಯಲ್ಲಿ ಕಟಿಂಗ್ ಮಾಸ್ಟರ್; ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಉಳಿದ ದಿನ ಮನೆಯಲ್ಲಿ ಇವಳು, ಅತ್ತೆ ಉಜ್ಜಿನಮ್ಮ, ಮತ್ತು ಅತ್ತೆಯ ಎರಡು ಹೊಲಿಗೆ ಮೆಷಿನ್. ಜೀನ್ಸ್ ಪ್ಯಾಂಟಿಗೆ ಜೇಬು ಕೂರಿಸುವುದರಲ್ಲಿ ಶಿವಲಕ್ಷ್ಮಿಯ ಕೈ ಎಂದರೆ ಓಣಿಗೇ ಒಂದು ಕೈ. ಆದರೆ ನಾಲ್ಕು ವರ್ಷದ ಹಿಂದೆ ಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ದಪ್ಪ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವ ಬಲ ಮಾತ್ರ ಕೂಡಲಿಲ್ಲ.

ಕೆಲಸವಿಲ್ಲದೆ ಕೂತವಳಿಗೆ ಆ ಓಣಿ ಎಷ್ಟು ಉದ್ದ ಎನ್ನುವುದು ಆಗ ಗೊತ್ತಾಯಿತು. ಎಲ್ಲರೂ ಮಾತಾಡಿಸುತ್ತಿದ್ದರು, ಆದರೆ ಮೆಷಿನ್ ನಿಲ್ಲಿಸದೆ. ಅವಳು ಬಾಗಿಲಲ್ಲಿ ನಿಂತು ಉತ್ತರ ಹೇಳಿ ಮುಗಿಸುವ ಮೊದಲೇ ಅವರ ಕಣ್ಣು ಹೊಲಿಗೆಗೆ ಹೋಗಿರುತ್ತಿತ್ತು.

ಆ ದಿನಗಳಲ್ಲೇ ಗಿರೀಶ ಸಿಕ್ಕಿದ್ದು. ಊರಿನ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಹುಡುಗ, ಪಕ್ಕದ ಬೀದಿಯವನು. ಯಾರದೋ ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ತಂದು ಅವಳೆದುರು ಇಟ್ಟ. ಹೊಸ ವಿಂಡೋಸ್ ಅದರ ಮೈಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ. "ಇದು ಎಲ್ಲಾರೂ ಸೇರಿ ಕಟ್ಟಿದ್ದು ಅಕ್ಕಾರ. ಯಾರ್ ಬೇಕಾದ್ರೂ ಬಿಚ್ಚಿ ನೋಡಬಹುದು, ತಿದ್ದಬಹುದು" ಎಂದ. ಪರದೆಯ ಮೇಲೆ ‘ಕಡತ’, ‘ಮುದ್ರಿಸು’ ಎಂದು ಕನ್ನಡದಲ್ಲೇ ಬಂದದ್ದು ನೋಡಿ ಅವಳಿಗೆ ಏನೋ ಒಂದು ಧೈರ್ಯ ಬಂತು. ಬಿಚ್ಚಿ ನೋಡಬಹುದು ಎಂಬ ಮಾತೂ ಹಿಡಿಸಿತು. ಹೊಲಿಗೆಯವರು ಯಾವುದನ್ನೂ ಕಲಿಯುವುದು ಬಿಚ್ಚಿಯೇ ತಾನೆ.

ಆಮೇಲೆ ಒಂದು ಪಾರ್ಸೆಲ್ ಅಂಗಡಿ ಮುಚ್ಚುವಾಗ ಬಿಟ್ಟುಹೋದ ಲೇಬಲ್ ಪ್ರಿಂಟರ್ ಸಿಕ್ಕಿತು. ಅಂಗೈ ಎರಡು ಸೇರಿಸಿದಷ್ಟು ದೊಡ್ಡ ಡಬ್ಬಿ. ಶಾಯಿ ಬೇಡ, ಕಾವಿನಿಂದ ಅಕ್ಷರ ಮೂಡಿಸುತ್ತದೆ. ಅದರ ಜೊತೆ ಬಂದ ಸಿಡಿ ವಿಂಡೋಸಿಗೆ ಮಾತ್ರ. ಲಿನಕ್ಸಿಗೆ ಸಿಕ್ಕಿಸಿದರೆ ಅದು ಇದೆ ಎಂದೇ ಕಂಪ್ಯೂಟರಿಗೆ ಗೊತ್ತಾಗುತ್ತಿರಲಿಲ್ಲ. ಗಿರೀಶ ಎಲ್ಲೆಲ್ಲಿಂದಲೋ ಹುಡುಕಿ ಕಂಪ್ಯೂಟರಿಗೆ ಒತ್ತಬೇಕಾದ ಆದೇಶಗಳನ್ನು ಹೇಳುವನು, ಅವಳು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದೊಂದೇ ಇಂಗ್ಲಿಷ್ ಅಕ್ಷರ ಬರೆದುಕೊಳ್ಳುವಳು. ಎಲ್ಲಿ ಜಾಗ ಬಿಡಬೇಕೋ ಅಲ್ಲಿ ನೀಲಿ ಚಾಕಿನಿಂದ ಒಂದು ಗೆರೆ, ಬಟ್ಟೆಗೆ ಗುರುತು ಹಾಕಿದ ಹಾಗೆ. ಮೂರು ವಾರವಾದ ಮೇಲೆ ಎರಡು ಇಂಚು ಅಗಲ, ಒಂದು ಇಂಚು ಎತ್ತರದ ಬಿಳಿ ಚೀಟಿಯ ಮೇಲೆ ‘ಉಜ್ಜಿನಮ್ಮ’ ಎಂದು ಮೂಡಿ ಹೊರಬಂತು. ಅತ್ತೆ ಅದನ್ನು ದೂರ ಹಿಡಿದು ನೋಡಿ, "ಆ ಡಬ್ಬಿಗೆ ನನ್ನ ಹೆಸರ್ ಯಾಕ ಬೇಕಿತ್ತು?" ಎಂದಳು. ಆದರೆ ಚೀಟಿಯನ್ನು ಬಿಸಾಡಲಿಲ್ಲ.

ಓಣಿಗೆ ಕೆಲಸ ಹಂಚುವವನು ಪೆದ್ದಣ್ಣ ಮೇಸ್ತ್ರಿ. ಶಾಲೆಗಳ ಸಮವಸ್ತ್ರದ ಆರ್ಡರ್ ಹಿಡಿದಾಗಲೆಲ್ಲ ಅವನಿಗೆ ಒಂದೇ ಗೋಳು. ಪ್ರತಿ ಮಗುವಿನ ಅಳತೆ ತೆಗೆದು ಹೊಲಿಸಿದರೂ ಶಾಲೆ ಸೇರುವಷ್ಟರಲ್ಲಿ ಅಂಗಿಗಳು ಅದಲುಬದಲಾಗಿ, ಎತ್ತರದವರಿಗೆ ಮೊಣಕೈ ಕಾಣುವುದು, ಗಿಡ್ಡರಿಗೆ ಬೆರಳೇ ಕಾಣದಿರುವುದು. ಶಿವಲಕ್ಷ್ಮಿ ಪ್ರತಿ ಕಟ್ಟಿನ ಮೇಲೂ ಮಗುವಿನ ಹೆಸರು, ತರಗತಿ, ಅಳತೆ ಇರುವ ಚೀಟಿ ಅಂಟಿಸಿ ಕೊಟ್ಟಳು. ಗೋಳು ನಿಂತಿತು. ಅಲ್ಲಿಂದ ಅವಳಿಗೂ ಓಣಿಯಲ್ಲಿ ಒಂದು ಜಾಗವಾಯಿತು. ಕಟ್ಟುಗಳು ಕೊನೆಗೆ ಅವಳ ಪಡಸಾಲೆಗೇ ಬರಬೇಕು, ಹೆಂಗಸರು ಅಲ್ಲಿ ಕೂತು ಮಾತಾಡಬೇಕು. ಅದು ಅವಳಿಗೆ ಎಷ್ಟು ಬೇಕಾಗಿತ್ತು ಎನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈ ಸಲದ ಆರ್ಡರ್ ಅಗಳಿಯ ಕನ್ನಡ ಶಾಲೆಯದು. ನೂರ ಎಂಬತ್ತಾರು ಮಕ್ಕಳು.

ಸೋಮವಾರ ಅಮಾವಾಸ್ಯೆ. ಅವತ್ತು ಓಣಿಯಲ್ಲಿ ಯಾರೂ ಹೊಲಿಯುವುದಿಲ್ಲ. ಮೆಷಿನ್‌ಗಳನ್ನು ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ ಬಿಡುತ್ತಾರೆ. ಹೇಗೂ ಕೆಲಸವಿಲ್ಲ ಎಂದು ಶಿವಲಕ್ಷ್ಮಿ ಕಂಪ್ಯೂಟರಿಗೆ ಬಹಳ ದಿನದಿಂದ ಬಾಕಿಯಿದ್ದ ಅಪ್‌ಡೇಟ್ ಹಚ್ಚಿ, ಅದು ಮುಗಿಯಲಿ ಎಂದು ಬಟ್ಟೆ ಒಗೆಯಲು ಹೋದಳು.

ಮಂಗಳವಾರ ಮೊದಲ ಹೆಸರು ಕೊಟ್ಟಳು. ಬಂದ ಚೀಟಿಯಲ್ಲಿ ಅಕ್ಷರಗಳು ಒಂದರ ಮೇಲೊಂದು ಕುಗ್ಗಿದ್ದವು. ಹಿಂದೆಯೇ ಮೂರು ಖಾಲಿ ಚೀಟಿ ಹೊರಬಂದು ಕೆಂಪು ದೀಪ ಹತ್ತಿತು.

ಅಪ್‌ಡೇಟೇ ಹಾಳುಮಾಡಿತು ಎಂದುಕೊಂಡಳು. ಬೇರೆ ಏನು ಅಂದುಕೊಳ್ಳಬೇಕು? ಭಾನುವಾರದವರೆಗೆ ಸರಿಯಿತ್ತು, ಸೋಮವಾರ ಹೊಸದು ಹಾಕಿದಳು, ಮಂಗಳವಾರ ಕೆಟ್ಟಿತು. ಚೀಟಿಯ ಅಳತೆ ತಪ್ಪಿರಬೇಕು ಎಂದು ಟೇಪು ಹಿಡಿದು ಮತ್ತೆ ಅಳೆದು, ಇಂಚನ್ನು ಮಿಲಿಮೀಟರಿಗೆ ತಂದು ತುಂಬಿದಳು. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಹೊಸದಾಗಿ ಸೇರಿಸಿದಳು. ಪುಸ್ತಕದ ಆದೇಶಗಳನ್ನೆಲ್ಲ ಮೊದಲಿನಿಂದ ಒತ್ತಿದಳು. ಪ್ರತಿ ಸಲವೂ ಅದೇ ಕುಗ್ಗಿದ ಹೆಸರು, ಅದೇ ಕೆಂಪು ದೀಪ.

ಬುಧವಾರ ಸಂಜೆ ಪೆದ್ದಣ್ಣ ಬಂದ. ಕಟ್ಟುಗಳು ಗೋಡೆಗೆ ಒರಗಿ ನಿಂತಿದ್ದವು, ಒಂದಕ್ಕೂ ಹೆಸರಿರಲಿಲ್ಲ.

"ಏನಮ್ಮಾ, ನಿನ್ನ ಕಂಪ್ಯೂಟರ್ ಎದ್ದೈತೋ ಇನ್ನೂ ಮಲಗೈತೋ?"

"ನಾಳಿಕೆ ಆಗುತ್ತೆ ಕಣಣ್ಣ."

"ನಿನ್ನೀನೂ ನಾಳೀಕೆ ಅಂದಿ." ಅವನು ಸಿಟ್ಟಿನಿಂದ ಹೇಳಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. "ನಾಳೆ ಮಧ್ಯಾಹ್ನ ಹನ್ನೆರಡಕ್ಕ ಗಾಡಿ ಹೊರಡ್ತತಿ. ಅಷ್ಟರಾಗ ಆಗಲಿಲ್ಲಂದ್ರ ಪಟ್ಟಿ ನನಗೆ ಕೊಟ್ಟುಬಿಡವ್ವ, ಗಾಡಿ ಬಳ್ಳಾರಿಗೆ ತಿರುಗಿಸಿ ಅಲ್ಲಿ ಅಂಗಡ್ಯಾಗ ಮಾಡಿಸ್ತೀನಿ. ಮುಂದಿನವೂ ಅಲ್ಲೇ ಇರ್ಲಿ. ನಿನಗೂ ತ್ರಾಸಿಲ್ಲ."

ಓಬಕ್ಕ ಕಾಜಾ ಹಾಕಿದ ಕೊನೆಯ ಅಂಗಿಗಳನ್ನು ಕೆಳಗಿಳಿಸುತ್ತ, "ಪುಕ್ಕಟೆ ಸಾಫ್ಟ್‌ವೇರ್ ಅಲ್ಲೇನ್ರಿ, ಅದಕ್ಕೂ ಅಮಾಸೆ ಹುಣ್ಣಿವಿ ಇರ್ತಾವ" ಎಂದು ನಕ್ಕಳು. "ಏನ್ ಕಣ ಶಿವಲಕ್ಷ್ಮಿ?"

ಶಿವಲಕ್ಷ್ಮಿಯೂ ನಕ್ಕಳು. ಅವರು ಹೋದ ಮೇಲೆ ಗಿರೀಶನಿಗೆ ಫೋನು ಹಚ್ಚಿದಳು. ಅವನೀಗ ಮಡಕಶಿರಾದ ಕಾಲೇಜಿನಲ್ಲಿದ್ದಾನೆ. ಪರದೆಯ ಫೋಟೊ ಕಳಿಸಲು ಹೇಳಿ, ದೊಡ್ಡದು ಮಾಡಿ ಓದಿದ.

"ಅಕ್ಕಾರ, ಎಲ್ಲಾ ಪೂರ್ತಿ ಆತು ಅಂತ ಐತಿ ಇಲ್ಲಿ. ಕಂಪ್ಯೂಟರ್ ತನ್ನ ಕೆಲಸ ಮಾಡಿ ಕಳಿಸ್ಯದ."

"ಮತ್ಯಾಕಪ್ಪ ಬರಲ್ಲ?"

"ಒಂದ್ ಕೆಲಸ ಮಾಡ್ರಿ. ವೈರ್ ಬಿಚ್ಚಿಬಿಡ್ರಿ. ಕಂಪ್ಯೂಟರಿನ ಸುದ್ದೀನೇ ಬ್ಯಾಡ. ಪ್ರಿಂಟರಿನ ಗುಂಡಿ ಒತ್ತಿ ಹಿಡ್ಕೊಂಡೇ ಸ್ವಿಚ್ ಹಾಕ್ರಿ. ತನ್ನಷ್ಟಕ್ಕೆ ತಾನೇ ಒಂದು ಚೀಟಿ ಹೊಡಿತದ. ಅದೂ ಕೆಟ್ಟು ಬಂದ್ರೆ ತಪ್ಪು ಯಾರದು ಹೇಳ್ರಿ?"

ಅಷ್ಟರಲ್ಲಿ ಕರೆಂಟು ಹೋಯಿತು. ಹಾಗಾಗಿ ಅದು ಗುರುವಾರ ಬೆಳಗಿನ ಕೆಲಸವಾಯಿತು.

ಓಬಕ್ಕನ ಮೆಷಿನ್ ಹೊಡೆಯುತ್ತಿತ್ತು. ಉಜ್ಜಿನಮ್ಮ ನಲ್ಲಿಗೆ ಹೋಗಿದ್ದಳು. ಶಿವಲಕ್ಷ್ಮಿ ವೈರು ಬಿಚ್ಚಿದಳು, ಗುಂಡಿ ಹಿಡಿದು ಸ್ವಿಚ್ ಹಾಕಿದಳು. ಕುಗ್ಗಿದ ಗೆರೆಗಳು, ಮೂರು ಖಾಲಿ ಚೀಟಿ, ಕೆಂಪು ದೀಪ.

ಎರಡು ದಿನ ಅವಳು ತಪ್ಪಾದ ಕಡೆ ಹುಡುಕಿದ್ದಳು.

ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ವಾಸನೆ. ಇಪ್ಪತ್ತು ವರ್ಷ ಅವಳ ಬೆರಳಲ್ಲಿ, ಸೀರೆಯ ಸೆರಗಿನಲ್ಲಿ ಇದ್ದ ವಾಸನೆ ಅದು. ಚೀಟಿಯನ್ನು ಮುಂದಕ್ಕೆ ತಳ್ಳುವ ಕಪ್ಪು ರಬ್ಬರ್ ಉರುಳೆಯ ಮೇಲೆ ಬೆರಳಾಡಿಸಿದಳು. ಹೊಲಿಗೆ ಮೆಷಿನ್ನಿನ ಎಣ್ಣೆ. ಎರಡೂ ತುದಿಗೆ, ಅಳತೆಯಾಗಿ, ಪಳಗಿದ ಕೈ ಬಿಟ್ಟ ಹನಿಗಳು. ಉರುಳೆ ಹಿಡಿತವಿಲ್ಲದೆ ಜಾರುತ್ತಿತ್ತು. ಕೆಳಗೆ, ಒಂದು ಚೀಟಿ ಮುಗಿದು ಇನ್ನೊಂದು ಶುರುವಾಗುವ ಸಂದನ್ನು ನೋಡುವ ಕಡಲೆಬೇಳೆಯಷ್ಟು ಸಣ್ಣ ಗಾಜು. ಅದರ ಮೇಲೆ ದುಂಡಗೆ ಒಂದು ಕುಂಕುಮದ ಬೊಟ್ಟು.

ಮೂರು ವರ್ಷ ‘ಆ ಡಬ್ಬಿ’ ಎಂದೇ ಕರೆದಿದ್ದಳು ಅತ್ತೆ. ಹೋದ ಅಮಾವಾಸ್ಯೆಗಳಲ್ಲಿ ಊದುಬತ್ತಿಯ ಹೊಗೆಯೂ ಈ ಮೂಲೆಗೆ ಬಂದಿರಲಿಲ್ಲ. ಈ ಸಲ ಸೊಸೆ ಬಟ್ಟೆ ಒಗೆಯಲು ಹೋದಾಗ, ಯಾರಿಗೂ ಹೇಳದೆ, ತನ್ನ ಎರಡು ಮೆಷಿನ್ನಿಗೆ ಮಾಡಿದ್ದನ್ನೆಲ್ಲ ಇದಕ್ಕೂ ಮಾಡಿದ್ದಾಳೆ.

ಗಂಟೆ ಎಂಟೂವರೆ. ಮೆಡಿಕಲ್ ಅಂಗಡಿಯಿಂದ ಸ್ಪಿರಿಟ್ ಮತ್ತು ಹತ್ತಿ ತಂದಳು. ಬಟ್ಟೆಯ ಕಲೆ ತೆಗೆಯುವ ದ್ರಾವಣ ಮನೆಯಲ್ಲೇ ಇತ್ತು; ಅದು ರಬ್ಬರನ್ನು ತಿನ್ನುತ್ತದೆ ಎಂದು ಗೊತ್ತಿದ್ದರಿಂದ ಮುಟ್ಟಲಿಲ್ಲ. ಉರುಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒರೆಸಿದಳು, ಆಮೇಲೆ ಆ ಸಣ್ಣ ಗಾಜನ್ನು. ಹತ್ತಿ ಹಳದಿಯಾಯಿತು, ಆಮೇಲೆ ಕೆಂಪಾಯಿತು, ಆರನೆಯ ಉಂಡೆ ಬಿಳಿಯಾಗಿಯೇ ಉಳಿಯಿತು. ಆರುವವರೆಗೆ ಕಾದಳು. ವೈರು ಸಿಕ್ಕಿಸಿ ಪಟ್ಟಿಯ ಮೊದಲ ಹೆಸರು ಕೊಟ್ಟಳು.

‘ದೊಡ್ಡಬೀರಪ್ಪ. ಒಂದನೇ ತರಗತಿ. ಎದೆ ಇಪ್ಪತ್ನಾಲ್ಕು.’ ಒತ್ತು, ದೀರ್ಘ ಎಲ್ಲ ಅದರದರ ಜಾಗದಲ್ಲಿ. ಹಸಿರು ದೀಪ.

ಕೊಡ ಇಳಿಸಿ ಬಂದ ಉಜ್ಜಿನಮ್ಮ ಚೀಟಿ ಸುಲಿದು ಅಂಟಿಸಲು ಕೂತಳು. ಕೆಲಸದ ಸದ್ದು ಕೇಳಿ ಓಬಕ್ಕ ಬಂದಳು. ಹನ್ನೊಂದೂವರೆಗೆ ಪೆದ್ದಣ್ಣ ಬರುವಾಗ ಇಪ್ಪತ್ತು ಕಟ್ಟು ಮಾತ್ರ ಉಳಿದಿತ್ತು. ಅವನು ಒಂದು ಕಟ್ಟು ಎತ್ತಿ ಓದಿದ, ಇನ್ನೊಂದು ಎತ್ತಿ ಓದಿದ. "ಸರೇ" ಎಂದ. "ಏನಾಗಿತ್ತಮ್ಮಾ? ಆ ಪುಕ್ಕಟೆದ್ದೇ ಕಾಟನೋ?"

"ಅದರದೇನೂ ಇಲ್ಲ ಕಣಣ್ಣ. ಉರುಳೆಗೆ ಜಿಡ್ಡು ಹತ್ಕಂಡಿತ್ತು. ಮುಚ್ಚಳ ತೆಗೆದು ನೋಡದೆ ನಾನೇ ಎರಡು ದಿನ ಪರದೆ ನೋಡ್ಕಂಡು ಕೂತೆ."

"ಜಿಡ್ಡು ಎಲ್ಲಿಂದ ಬಂತವ್ವ ಅದಕ್ಕ?" ಓಬಕ್ಕ ಬಿಡಲಿಲ್ಲ.

ಶಿವಲಕ್ಷ್ಮಿ ಚೀಟಿ ಸುಲಿಯುತ್ತಿದ್ದಳು. ಉಜ್ಜಿನಮ್ಮನ ಕೈ ಕಟ್ಟಿನ ಮೇಲೆ ನಿಂತಿತು. ಕಿಟಕಿಯ ಮೇಲೆ ಸಾಲಾಗಿ ಇದ್ದ ಹತ್ತಿಯ ಉಂಡೆಗಳನ್ನು, ಅವುಗಳ ಹಳದಿಯನ್ನು, ಕೆಂಪನ್ನು ಅವಳು ನೋಡಿದಳು.

"ನಾ ಬಿಟ್ಟೆ" ಎಂದಳು. "ಎಣ್ಣಿ ನಾ ಬಿಟ್ಟೆ. ಮನಿ ಮೆಷಿನ್ನು, ಒಣಗಿ ನಿಂತಿತ್ತು ಅನಿಸ್ತು."

ಓಬಕ್ಕ ಇನ್ನೊಂದು ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಪೆದ್ದಣ್ಣ ಮೀಸೆಯೊಳಗೆ ನಗು ತಡೆದುಕೊಂಡ.

"ಅದಕ್ಕೆ ಅರಿಶಿನ ಕುಂಕುಮ ಮುಚ್ಚಳದ ಮೇಲೆ ಸಾಕು ಕಣತ್ತೆ" ಎಂದಳು ಶಿವಲಕ್ಷ್ಮಿ, ತಲೆ ಎತ್ತದೆ. "ಒಳಗಿಂದು ನಾನು ನೋಡ್ಕಂತೀನಿ."

"ನೋಡ್ಕೋ ಮತ್ತ" ಎಂದಳು ಅತ್ತೆ, ಗಟ್ಟಿಯಾಗಿಯೇ. ಕಟ್ಟು ಮತ್ತೆ ಮುಂದೆ ಸರಿಯಿತು.

ಕೊನೆಯ ಇಪ್ಪತ್ತನ್ನು ನಾಲ್ವರೂ ಕೂಡಿ ಅಂಟಿಸಿದರು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಎಲ್ಲ ಕಟ್ಟೂ ಗಾಡಿ ಸೇರಿದವು. ಗಾಡಿ ಮಡಕಶಿರಾ ದಾರಿ ಹಿಡಿಯಿತು. ಪೆದ್ದಣ್ಣ ಮಾತ್ರ ಹೋಗದೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಗುಮ್ಮಘಟ್ಟದ ಶಾಲಿಯವರು ಬರ್ತಾರ ಮುಂದಿನ ವಾರ. ಅವರು ಅಳತಿ ಪಟ್ಟಿ ಕೈಯಾಗ ಬರೆದು ಕೊಡ್ತಾರ. ನಮ್ಮ ಮನಿಯಾಗ ಒಂದು ಸ್ಕ್ಯಾನರ್ ಬಿದ್ದೈತಿ, ಅದನ್ನ ಹಾಕಿದ್ರ ನಿನಗ ಸಲೀಸು ಆಗತಿತ್ತು. ಆದ್ರ ಯಾರ ಕೈಲೂ ನಡೀಲಿಲ್ಲದು. ನಿನ್ನ ಲಿನಕ್ಸಿನಾಗ ನಡಿತತೇನು?"

ಶಿವಲಕ್ಷ್ಮಿ ಅಳತೆ ಪುಸ್ತಕ ತೆಗೆದುಕೊಂಡಳು, ಚಾಕಿನ ತುಂಡೊಂದನ್ನು ಸೆರಗಿಗೆ ಗಂಟು ಹಾಕಿಕೊಂಡಳು, ಚಪ್ಪಲಿ ಮೆಟ್ಟಿದಳು.

"ಊಟಾರ ಮಾಡಿ ಹೋಗ" ಎಂದಳು ಒಳಗಿನಿಂದ ಉಜ್ಜಿನಮ್ಮ.

"ಬಂದು ಮಾಡ್ತೀನಿ ಕಣತ್ತೆ. ನಡೀರಿ ಅಣ್ಣ, ನಡಿಯುತ್ತೋ ಇಲ್ವೋ ಅನ್ನೋದು ಹಿಂಗೆ ನಿಂತ್ಕಂಡು ಹೇಳಾಕಾಗಲ್ಲ. ಮೊದಲು ಅದರ ಬೆನ್ನ ಮೇಲೆ ನಂಬರ್ ಏನೈತೆ ನೋಡಾನ, ಆಮೇಲೆ ಅದರ ವೈರು, ಅದಕ್ಕಿಂತ ಮುಂಚೆ ಅದರ ಮುಚ್ಚಳ" ಎನ್ನುತ್ತ ಅವಳು ಆಗಲೇ ಪೆದ್ದಣ್ಣನನ್ನು ದಾಟಿ ಓಣಿಗೆ ಇಳಿದು, ಓಬಕ್ಕನ ಮನೆಯ ಮುಂದೆ ಹಾದು ಹೋಗುತ್ತಿದ್ದಳು.