ದೇವರ ಜಗಲಿಯ ಕಾಗದ

ನಮ್ಮ ಮನೆತನದ ಚರಿತ್ರೆಯಲ್ಲಿ ಅತಿ ಹೆಚ್ಚು ಸಲ ಸಾಕ್ಷಿ ನುಡಿದವರು ಯಾರೆಂದು ಕೇಳಿದರೆ ‘ಅಂತಾರ’ ಎಂಬ ಮಹಾನುಭಾವರ ಹೆಸರನ್ನೇ ಹೇಳಬೇಕಾಗುತ್ತದೆ. ಮುತ್ತಜ್ಜ ಬರಿಗೈಯಲ್ಲಿ ಚಿರತೆಯನ್ನು ಓಡಿಸಿದ್ದ, ಅಂತಾರ. ಮುತ್ತಜ್ಜಿ ಒಂದೇ ಹೊತ್ತಿನಲ್ಲಿ ನೂರು ರೊಟ್ಟಿ ತಟ್ಟುತ್ತಿದ್ದಳು, ಅಂತಾರ. ಯಾರು ಅಂತಾರೆ ಎಂದು ಕೇಳಿದರೆ ಹೇಳಿದವರ ಬೆರಳು ಒಮ್ಮೆ ಆಕಾಶದ ಕಡೆಗೂ ಒಮ್ಮೆ ಅಡುಗೆಮನೆಯ ಕಡೆಗೂ ತಿರುಗಿ, ಕೊನೆಗೆ ಎಲೆಯಡಿಕೆಯ ತಟ್ಟೆಗೆ ಇಳಿಯುತ್ತದೆ. ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಇವರು ವಾಸವಾಗಿರಬಹುದು. ಅವರನ್ನು ನಾನು ಬಹುಕಾಲ ನಿರುಪದ್ರವಿ ಎಂದೇ ನಂಬಿದ್ದೆ.

ಬೀದರಿನ ಕಚೇರಿಯಲ್ಲಿ ದಸ್ತಾವೇಜುಗಳ ನಕಲು ಬರೆಯುವುದು ನನ್ನ ಉದ್ಯೋಗ. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಎರಡರಲ್ಲೂ ನನ್ನ ಅಕ್ಷರ ದುಂಡಗಿದೆಯೆಂಬುದು ಜನರ ಅಭಿಪ್ರಾಯ, ಬುದ್ಧಿಯ ವಿಷಯದಲ್ಲಿ ಅವರು ಏನನ್ನೂ ಹೇಳಿಲ್ಲ. ಮೂಲಪತ್ರವನ್ನು ಕಣ್ಣಾರೆ ಕಾಣದೆ ನಕಲಿನ ಕೆಳಗೆ ನಾನು ಸಹಿ ಹಾಕಿದವನಲ್ಲ. ಆ ನಿಷ್ಠೆ ಕಚೇರಿಯ ಹೊಸ್ತಿಲು ದಾಟಿ ಮನೆಗೆ ಬರಲಿಲ್ಲವೆಂಬುದೇ ಈ ಪ್ರಬಂಧದ ವಿಷಯ.

ನೌಕರಿಗೆ ಸೇರಿದ ಹೊಸದರಲ್ಲಿ ಭಾಲ್ಕಿಯ ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಹಿರಿಯ ಮಗಳ ಲಗ್ನ ನಡೆಯಿತು. ಬಂದ ನೆಂಟರೆದುರು ಓದಲೆಂದು ದೊಡ್ಡಪ್ಪ ನನ್ನನ್ನು ಕೂರಿಸಿ ವಂಶಾವಳಿ ಬರೆಸಿದರು. ನಾಲ್ಕು ತಲೆಮಾರು ಸರಾಗವಾಗಿ ಹೇಳಿದರು. ಐದನೆಯದಕ್ಕೆ ಬಂದಾಗ ಅವರನ್ನು ಯಾರೋ ಅಡುಗೆಯವರು ಕರೆದರು. ವಂಶಾವಳಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಿದ್ದುದರಿಂದ ಕಾಗದದ ಮೇಲ್ಭಾಗದಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಖಾಲಿ ಇತ್ತು. ಅದು ನನ್ನ ಕಣ್ಣಿಗೆ ಚುಚ್ಚಿತು. ನಮ್ಮ ಮನೆತನದ ಹೆಸರು ಬೆಲ್ಲದ. ಔರಾದಿನಲ್ಲಿಯೂ ಬೆಲ್ಲದ ಎಂಬ ಮನೆತನವಿದೆಯೆಂದು ಕೇಳಿ ಬಲ್ಲೆ. ಇಷ್ಟು ಸಾಕಾಯಿತು. ‘ಮೂಲಪುರುಷನಿಗೆ ಇಬ್ಬರು ಗಂಡುಮಕ್ಕಳು, ಒಬ್ಬನು ಭಾಲ್ಕಿಯಲ್ಲಿ, ಇನ್ನೊಬ್ಬನು ಔರಾದಿನಲ್ಲಿ ನೆಲೆಸಿದನು’ ಎಂದು ಬರೆದು, ಗಾಂಭೀರ್ಯ ಬರಲೆಂದು ‘ಹಿರಿಯರ ಹೇಳಿಕೆಯಂತೆ’ ಎಂದು ಸೇರಿಸಿದೆ. ಬೆಲ್ಲ ಮಾರಿದವರೆಲ್ಲ ಬೆಲ್ಲದರೇ ಆಗುತ್ತಾರೆ, ಅಣ್ಣತಮ್ಮಂದಿರೇ ಆಗಬೇಕಾಗಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಊಟಕ್ಕೆ ಕರೆದರು, ಎದ್ದು ಹೋದೆ. ಲಗ್ನದ ಗದ್ದಲದಲ್ಲಿ ಅದನ್ನು ಓದುವುದೂ ನಿಂತುಹೋಯಿತು. ಬರೆದದ್ದನ್ನು ಮರೆತೂ ಬಿಟ್ಟೆ.

ತಲೆ ನರೆತ ಮೇಲೆ ಮನೆತನದ ಚರಿತ್ರೆಯನ್ನು ಸಾಂಗವಾಗಿ ಬರೆಯುವ ಹುಚ್ಚು ಹಿಡಿಯಿತು. ದೊಡ್ಡಪ್ಪ ಆಗಲೇ ಲಿಂಗೈಕ್ಯರಾಗಿದ್ದರು. ಅವರ ಮಗ ಚನ್ನಪ್ಪನನ್ನು ಕೇಳಿದೆ. ಔರಾದಿನವರು ನಮ್ಮ ಅಣ್ಣತಮ್ಮಂದಿರು ಎಂದ. ಅವನ ಮನೆಗೆ ಪೂಜೆಗೆ ಬರುವ ಅಯ್ಯನವರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು. ಖಟಕ ಚಿಂಚೋಳಿಗೆ ಹೋಗಿ ದೊಡ್ಡಪ್ಪನ ಕಿರಿಯ ಮಗಳು ನೀಲವ್ವನನ್ನು ಕೇಳಿದೆ. ಅವಳು ಅಂಗಳದಲ್ಲಿ ಕುಳಿತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು.

“ಹೌದ್ರಿ ಅಣ್ಣಾ, ಅವರು ನಮ್ಮವರೇ. ಅದಕ್ಕೇ ಅಲ್ಲೇನ್ರಿ ನನ್ನ ಲಗ್ನ ನಿಂತದ್ದು?” ಎಂದಳು.

ಮೂರನೆಯ ಸಾಕ್ಷಿ ಸಿಕ್ಕಿತೆಂದು ಹಿಗ್ಗಿ ಎತ್ತಿದ ಲೇಖನಿ ಕೈಯಲ್ಲೇ ನಿಂತಿತು. ಯಾವ ಲಗ್ನವೆಂದು ಕೇಳಿದೆ.

ಔರಾದಿನ ಬೆಲ್ಲದ ರೇವಪ್ಪನಿಗೆ ಅವಳನ್ನು ಕೊಡುವ ಮಾತು ನಡೆದಿತ್ತಂತೆ. ಅವನು ಬಂದು ನೋಡಿ ಹೋಗಿದ್ದ; ಇಬ್ಬರಿಗೂ ಮನಸ್ಸಿಗೆ ಬಂದಿತ್ತು. ಆಮೇಲೆ ದೊಡ್ಡಪ್ಪ ದೇವರ ಜಗಲಿಯ ಮೇಲೆ ವಿಭೂತಿಗಟ್ಟಿಯ ಪಕ್ಕದಲ್ಲಿಟ್ಟಿದ್ದ ಒಂದು ಕಾಗದ ತೆಗೆದು ಓದಿದರು. ಎರಡೂ ಮನೆಯವರು ಒಂದೇ ರಕ್ತದವರು, ಅಣ್ಣನ ಮುಂದೆ ತಂಗಿಯನ್ನು ಕೂರಿಸಿ ತೋರಿಸಿದ ಹಾಗಾಯಿತಲ್ಲ ಎಂದು ತಲೆಯ ಮೇಲೆ ಕೈ ಹೊತ್ತರು. ನಮ್ಮಲ್ಲಿ ಸಂಬಂಧಕ್ಕೆ ಮೊದಲು ಬೆಡಗು ವಿಚಾರಿಸುತ್ತಾರೆ. ಉಳಿದ ನಾಡಿನಲ್ಲಿ ಬೆಡಗೆಂದರೆ ಸೊಗಸು, ನಮಗೆ ಅದು ವಂಶದ ಗುರುತು, ಒಂದೇ ಬೆಡಗಿನವರು ಒಡಹುಟ್ಟಿದವರಿಗೆ ಸಮಾನ. ‘ಹಿರಿಯರ ಹೇಳಿಕೆಯಂತೆ’ ಎಂದು ಬರೆದ ಕಾಗದವೇ ಇರುವಾಗ ಇನ್ನು ವಿಚಾರಿಸುವುದೇನು ಎಂದು ದೊಡ್ಡಪ್ಪ ಯಾರನ್ನೂ ಕೇಳಲಿಲ್ಲ. ಅದೇ ವರ್ಷ ನೀಲವ್ವನನ್ನು ಖಟಕ ಚಿಂಚೋಳಿಗೆ ಕೊಟ್ಟರು.

ಅಲ್ಲಿಂದ ನೇರವಾಗಿ ಭಾಲ್ಕಿಗೆ ಹೋದೆ. ಚನ್ನಪ್ಪ ಕೈಕಾಲು ತೊಳೆದು, ಭಯಭಕ್ತಿಯಿಂದ ಕಾಗದವನ್ನು ತಂದು ನನ್ನ ಮುಂದಿಟ್ಟ. “ನೋಡ್ರಿ, ಎಷ್ಟು ಹಳೇದದ. ಅಯ್ಯನವರೂ ಇದನ್ನೇ ಓದ್ಯಾರ” ಎಂದ. ಅಂಚು ಹಳದಿಯಾಗಿತ್ತು, ವಿಭೂತಿಯ ಧೂಳು ಹತ್ತಿತ್ತು. ಅಕ್ಷರ ಮಾತ್ರ ದುಂಡಗೆ, ಮುದ್ದಾಗಿ, ನನ್ನದೇ ಆಗಿತ್ತು. ಮೂವರು ಸಾಕ್ಷಿಗಳೆಂದು ನಾನು ಬೀಗಿದ್ದೆನಲ್ಲ, ಆ ಮೂವರ ಹಿಂದೆಯೂ ನಿಂತಿದ್ದವನು ಒಬ್ಬನೇ. ಅವನಿಗೂ ಏನೂ ಗೊತ್ತಿರಲಿಲ್ಲ.

ಇನ್ನೂ ಒಂದು ಆಸೆ ಉಳಿದಿತ್ತು. ನನ್ನ ಊಹೆ ಅಕಸ್ಮಾತ್ತಾಗಿ ನಿಜವಾಗಿರಬಹುದಲ್ಲವೇ? ಗಾಡಿ ಮಾಡಿಕೊಂಡು ಔರಾದಿಗೆ ಹೋದೆ. ದಾರಿಯುದ್ದಕ್ಕೂ ಔರಾದಿನವರು ನಮ್ಮ ದಾಯಾದಿಗಳಾಗಿರಲಿ ಎಂದು ಬೇಡಿಕೊಂಡೆ. ದಾಯಾದಿಗಳು ಬೇಕೆಂದು ಹೀಗೆ ಹಂಬಲಿಸಿದ ಮನುಷ್ಯ ನಾನೊಬ್ಬನೇ ಇರಬೇಕು.

ರೇವಪ್ಪ ಅಂಗಡಿಯಲ್ಲಿದ್ದ. ನಾನು ಭಾಲ್ಕಿಯ ಬೆಲ್ಲದರವನೆಂದು ತಿಳಿದಾಗ ಮುಖ ಒಂದಿಷ್ಟು ಬಿಗಿಯಿತು. ಆದರೂ ಒಳಗೆ ಕರೆದು ನೀರು ಕೊಟ್ಟ. ತಮ್ಮ ಹಿರಿಯರು ಉದಗೀರದ ಕಡೆಯಿಂದ ಬಂದವರೆಂದು ಹೇಳಿ, ಬೆಡಗಿನ ಹೆಸರನ್ನೂ ಹೇಳಿದ. ನಾನು ಅಷ್ಟಕ್ಕೇ ನಂಬದೆ, ಯಾರಿಂದ ತಿಳಿಯಿತೆಂದು ಕೇಳಿದೆ. ಒಳಗಿನಿಂದ ತನ್ನ ತಾಯಿಯನ್ನು ಕರೆದ. ಮದುವೆಯಾಗಿ ಬಂದಾಗ ಅತ್ತೆಯಿಂದ ಕೇಳಿದ್ದೆಂದು ಮುದುಕಿ ಅದೇ ಹೆಸರು ಹೇಳಿದಳು. ಊರಿನ ಮಠದವರೂ ಅದನ್ನೇ ಹೇಳಿದರು, ಅವರು ಯಾವ ಕಾಗದವನ್ನೂ ನೋಡಿದವರಲ್ಲ. ಆ ಹೆಸರಿಗೂ ನಮ್ಮ ಬೆಡಗಿಗೂ ಯಾವ ಸಂಬಂಧವೂ ಇರಲಿಲ್ಲ.

ಅಂಗಡಿಗೆ ಮರಳಿ ನಡೆದುದನ್ನೆಲ್ಲ ರೇವಪ್ಪನಿಗೆ ಹೇಳಿದೆ. ಅವನು ನೀರಿನ ಚೊಂಬನ್ನು ಬದಿಗೆ ಸರಿಸಿದ.

“ನಮಗೇನೂ ಹೇಳ್ಲಿಲ್ಲರಿ. ಈ ವರ್ಷ ಲಗ್ನ ಮಾಡಂಗಿಲ್ಲ ಅಂತ ಹೇಳಿ ಕಳಿಸಿದ್ರು, ಅಷ್ಟೇ. ಎರಡು ತಿಂಗಳಿಗೆ ಬ್ಯಾರೆ ಕಡಿ ಕೊಟ್ರು ಅಂತ ಸುದ್ದಿ ಬಂತು. ಒಮ್ಮೆ ಭಾಲ್ಕಿ ಸಂತ್ಯಾಗ ನೀಲವ್ವನವರು ಎದುರಾದ್ರು. ‘ಅಣ್ಣಾ, ಆರಾಮಿದ್ದೀರೇನ್ರಿ’ ಅಂದ್ರು. ಬೇಕಂತ ಚುಚ್ಚಲಿಕ್ಕ ಅಂದ್ರು ಅಂತ ನಾ ಇಷ್ಟು ದಿನ ತಿಳಕೊಂಡಿದ್ದೆ.”

“ಅಲ್ಲರಿ. ಆಕಿ ನಿಮ್ಮನ್ನ ಖರೇನೇ ಅಣ್ಣ ಅಂತ ತಿಳಿದಿದ್ಲು” ಎಂದೆ.

ಅವನು ತಲೆಯಾಡಿಸಿ, ಅಂಗಡಿಗೆ ಬಂದ ಗಿರಾಕಿಯ ಕಡೆಗೆ ಎದ್ದುಹೋದ.

ಇಷ್ಟಕ್ಕೇ ಬೀದರಿಗೆ ಮರಳಬಹುದಿತ್ತು. ನೀಲವ್ವ ಮಕ್ಕಳು ಮೊಮ್ಮಕ್ಕಳನ್ನು ಕಂಡವಳು. ಈಗ ಹೇಳಿ ಏನು ಪ್ರಯೋಜನ ಎಂಬ ವಿವೇಕ ನನಗೂ ಬಂತು. ಅದು ವಿವೇಕವಲ್ಲ, ಹೆದರಿಕೆ ಎಂಬುದೂ ಗೊತ್ತಾಯಿತು. ಗಾಡಿಯನ್ನು ಮತ್ತೆ ಖಟಕ ಚಿಂಚೋಳಿಗೆ ತಿರುಗಿಸಿದೆ.

ಎಲ್ಲವನ್ನೂ ಹೇಳಿದೆ. ನಾನು ತುಂಬಿಸಿದ ನಾಲ್ಕು ಬೆರಳಿನ ಜಾಗ, ‘ಹಿರಿಯರ ಹೇಳಿಕೆಯಂತೆ’ ಎಂಬ ಅಲಂಕಾರ, ಔರಾದಿನ ಮುದುಕಿಯ ಮಾತು, ಯಾವುದನ್ನೂ ಬಿಡಲಿಲ್ಲ. ನೀಲವ್ವ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ಸಂತ್ಯಾಗ ನಾ ಅಣ್ಣ ಅಂದದ್ದು ಯಾಕಂತ ಅವರಿಗೆ ಹೇಳಿದ್ರೇನ್ರಿ?”

“ಹೇಳ್ದೆವ್ವಾ.”

“ಛಲೋ ಮಾಡಿದ್ರಿ.” ಬೆರಳಿನ ಸೆರಗನ್ನು ಬಿಡಿಸಿಕೊಂಡು ಹೇಳಿದಳು: “ಸಿಟ್ಟಿಲ್ಲ ಅಂತ ನಾ ಅನ್ನಂಗಿಲ್ಲರಿ ಅಣ್ಣಾ. ನನ್ನ ಗಂಡ ಭಾಳ ಛಲೋ ಮನುಷ್ಯ. ಅದೂ ಖರೆ, ಇದೂ ಖರೆ. ಎರಡೂ ಬರೀರಿ. ಯಾರು ಹೇಳಿದ್ರು ಅಂದ್ರ ನೀಲವ್ವ ಹೇಳಿದ್ಲು ಅಂತ ಬರೀರಿ.”

ಅವಳೆದುರಿಗೇ ಪುಸ್ತಕ ಬಿಚ್ಚಿ ಬರೆದೆ. ಓದಿ ಹೇಳಿದೆ: ‘ನೀಲವ್ವನಿಗೆ ಔರಾದಿನಿಂದ ಬಂದ ಸಂಬಂಧವು ಮುರಿದುಬಿತ್ತು.’

“ತಾನಾಗೇ ಬೀಳಲಿಲ್ಲರಿ,” ಎಂದಳು ನೀಲವ್ವ. “ಮುರಿದ್ರು. ಹಂಗ ಬರೀರಿ.”

‘ಸಂಬಂಧವು ಮುರಿದುಬಿತ್ತು’ ಎಂಬುದನ್ನು ಹೊಡೆದು ಹಾಕಿ ‘ಸಂಬಂಧವನ್ನು ಮುರಿದರು’ ಎಂದು ಬರೆದೆ. ಮುರಿದವರು ಯಾರೆಂದು ಅವಳು ಹೇಳಲಿಲ್ಲ. ದೊಡ್ಡಪ್ಪನ ಹೆಸರು ಬರೆದು, ಅದರ ಕೆಳಗೆ ನನ್ನ ಹೆಸರು ಬರೆದೆ.